ಬ್ಲ್ಯಾಕ್ ಬೆಲ್ಟ್ ಅಂದ್ರೆ ಎಷ್ಟು ಗಂಟೆ? ದುಡ್ಡು ಕಟ್ಟೋ ಮುಂಚೆ ಒಂದು ಲೆಕ್ಕ

ಇವತ್ತಿನ ಎಪಿಸೋಡ್ ಕರಾಟೆ ಬ್ಲ್ಯಾಕ್ ಬೆಲ್ಟ್ ಬಗ್ಗೆ. ಅದನ್ನ ಸೊಂಟಕ್ಕೆ ಕಟ್ಟೋ ಮುಂಚೆ ಒಬ್ಬ ವಿದ್ಯಾರ್ಥಿಯಿಂದ ನಿಜವಾಗಿ ಏನೇನು ಕೇಳಬೇಕು ಅನ್ನೋದು ಪ್ರಶ್ನೆ.

ನಾನು ಬಿ.ಕಾಂ ಓದಿದವನು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ.

ನಮ್ಮ ಬಿನ್ನಿಪೇಟೆ ಸುತ್ತಮುತ್ತ ನಾನು ನೋಡಿದ ಮಕ್ಕಳ ಕರಾಟೆ ಕ್ಲಾಸ್‌ಗಳು ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ. ಮೂರು ತಿಂಗಳಿಗೊಂದು ಬೆಲ್ಟ್ ಎಕ್ಸಾಮ್. ವೈಟ್‌ನಿಂದ ಬ್ಲ್ಯಾಕ್‌ವರೆಗೆ ಒಂಬತ್ತು ಮೆಟ್ಟಿಲು ಅಂತ ಇಟ್ಕೊಳ್ಳಿ. ಎಲ್ಲೂ ಫೇಲ್ ಆಗದೆ ಹತ್ತಿದರೆ 27 ತಿಂಗಳು. ಅಂದ್ರೆ ಸುಮಾರು 117 ವಾರ, 234 ಗಂಟೆ. ಹಬ್ಬ, ಸ್ಕೂಲ್ ಪರೀಕ್ಷೆ, ಜ್ವರ, ಮಳೆ, ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದು, ಇದೆಲ್ಲ ಕಳೆದರೆ ಕೈಗೆ ಸಿಗೋದು ಹೆಚ್ಚುಕಮ್ಮಿ 200 ಗಂಟೆ.

200 ಗಂಟೆ ಅಂದ್ರೆ ಎಷ್ಟು? 74 ಪಂದ್ಯದ ಒಂದು ಐಪಿಎಲ್ ಸೀಸನ್ ತಗೊಳ್ಳಿ. ಪಂದ್ಯಕ್ಕೆ ಮೂರೂವರೆ ಗಂಟೆ ಅಂದ್ರೂ 259 ಗಂಟೆ ಆಯ್ತು. ಒಂದು ಸೀಸನ್ ಪೂರ್ತಿ ಸೋಫಾ ಮೇಲೆ ಕೂತು ನೋಡಿದವನನ್ನ ನಾವು ಕ್ರಿಕೆಟರ್ ಅನ್ನಲ್ಲ. ಅದಕ್ಕಿಂತ ಕಡಿಮೆ ಹೊತ್ತು ಅಭ್ಯಾಸ ಮಾಡಿದ ಮಗುವನ್ನ ಮಾತ್ರ ಬ್ಲ್ಯಾಕ್ ಬೆಲ್ಟ್ ಅಂತೀವಿ, ಫ್ಲೆಕ್ಸ್‌ನಲ್ಲಿ ಫೋಟೋ ಹಾಕ್ತೀವಿ.

ಈ ಪ್ರಶ್ನೆ ಯಾಕೆ ಈಗ

ನಮ್ಮ ಏರಿಯಾದಲ್ಲಿ ಒಬ್ಬ ಅಕ್ಕ ಇದ್ದಾರೆ. ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸ್ ಕೆಲಸ. ಮಗಳಿಗೆ 12 ವರ್ಷ, ಈಗ ಬ್ರೌನ್ ಬೆಲ್ಟ್. ಸಂಜೆ ಟ್ಯೂಷನ್ ಮುಗಿಸಿ ಹುಡುಗಿ ಬರೋ ಹೊತ್ತಿಗೆ ಕತ್ತಲಾಗಿರುತ್ತೆ, ಅಮ್ಮ ಇನ್ನೂ ಬಂದಿರಲ್ಲ. ಮಾಸ್ಟರ್ ಹೇಳಿದ್ದಾರೆ, ಬ್ಲ್ಯಾಕ್ ಬೆಲ್ಟ್ ಎಕ್ಸಾಮ್‌ಗೆ 12,000 ರೂಪಾಯಿ ಆಗುತ್ತೆ, ಸರ್ಟಿಫಿಕೇಟ್ 'ಇಂಟರ್‌ನ್ಯಾಷನಲ್' ಅಂತ. ನಾನು ಪಾಡ್‌ಕಾಸ್ಟ್ ಮಾಡ್ತೀನಿ ಅಂತ ಗೊತ್ತಿರೋದ್ರಿಂದ ಅವರು ನನ್ನ ಕೇಳಿದ್ದು ಇಷ್ಟು: "ಹತ್ರ ಹತ್ರ ನನ್ನ ಒಂದು ತಿಂಗಳ ಸಂಬಳ ತಮ್ಮಾ. ಕಟ್ಟಿದ್ರೆ ಇವಳು ಒಬ್ಬಳೇ ಓಡಾಡಬಹುದಲ್ವಾ? ನನಗೆ ಅದೊಂದು ಧೈರ್ಯ ಸಾಕು."

ಆ ಮಾತಲ್ಲೇ ಇಡೀ ವಿಷಯ ಇದೆ. ಬೆಲ್ಟ್ ಹುಡುಗಿ ಸೊಂಟದಲ್ಲಿ ಇರುತ್ತೆ. ಅದನ್ನ ನಂಬಿ ನಿರ್ಧಾರ ಮಾಡೋದು ಅಮ್ಮ. ನಾಳೆ ಆ ಹುಡುಗಿನೇ ಅದನ್ನ ನಂಬ್ತಾಳೆ. ನಾಡಿದ್ದು ಅದೇ ಬೆಲ್ಟ್ ತೋರಿಸಿ ಅವಳು ಬೇರೆ ಮಕ್ಕಳಿಗೆ ಹೇಳಿಕೊಡೋಕೆ ನಿಂತರೆ, ಆ ಮಕ್ಕಳ ಅಪ್ಪ ಅಮ್ಮನೂ ನಂಬ್ತಾರೆ.

ಕಾಮರ್ಸ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಆಡಿಟರ್ ಸಹಿ ಕೂಡ ಹೀಗೇ. ಲೆಕ್ಕ ಸರಿ ಇದೆ ಅಂತ ಅವರು ಹಾಕೋ ಸಹಿನ, ಆ ಕಂಪನಿ ಒಳಗೆ ಯಾವತ್ತೂ ಕಾಲಿಡದ ಬ್ಯಾಂಕಿನವರು, ಷೇರು ಕೊಳ್ಳೋರು ನಂಬ್ತಾರೆ. ಬ್ಲ್ಯಾಕ್ ಬೆಲ್ಟ್‌ಗೂ ಅದೇ ಅಳತೆ ಇರಬೇಕು ಅನ್ನೋದು ನನ್ನ ವಾದ. ವಿದ್ಯಾರ್ಥಿಗೆ ಖುಷಿ ಆಯ್ತಾ ಅನ್ನೋದಕ್ಕಿಂತ, ಅವಳನ್ನ ನೋಡೇ ಇರದ ಮೂರನೆಯವರು ಆ ಬೆಲ್ಟನ್ನ ನಂಬಬಹುದಾ ಅನ್ನೋದು ಮುಖ್ಯ.

ಇದು ಸಾವಿರ ವರ್ಷದ ಸಂಪ್ರದಾಯ ಏನಲ್ಲ

ಬ್ಲ್ಯಾಕ್ ಬೆಲ್ಟ್ ಅಂದ ಕೂಡಲೇ ಹಿಮದ ಬೆಟ್ಟ, ಬಿಳಿ ಗಡ್ಡದ ಗುರು, ಪುರಾತನ ರಹಸ್ಯ ಎಲ್ಲ ತಲೆಗೆ ಬರುತ್ತೆ. ನಿಜ ಏನಂದ್ರೆ ಕರಾಟೆಯಲ್ಲಿ ಈ ಬೆಲ್ಟ್‌ಗೆ ಸುಮಾರು 100 ವರ್ಷ ಅಷ್ಟೇ.

ಜಪಾನಿನಲ್ಲಿ 'ದಾನ್' ಅನ್ನೋ ದರ್ಜೆ ಮೊದಲು ಇದ್ದದ್ದು ಗೋ ಅನ್ನೋ ಬೋರ್ಡ್ ಆಟದಲ್ಲಿ. ಅದನ್ನ ಜೂಡೋಗೆ ತಂದವರು ಜಿಗೊರೊ ಕಾನೊ. 1882ರಲ್ಲಿ ಅವರು ಕೊಡೋಕಾನ್ ಶಾಲೆ ಶುರು ಮಾಡಿ, ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ದಾನ್ ಕೊಟ್ಟರು. ಕಪ್ಪು ಪಟ್ಟಿ ಬಂದದ್ದು ಅದಾದ ಮೇಲೆ.

ಕರಾಟೆ ಹುಟ್ಟಿದ್ದು ಒಕಿನಾವಾ ದ್ವೀಪದಲ್ಲಿ. ಅಲ್ಲಿ ಬೆಲ್ಟೂ ಇರಲಿಲ್ಲ, ದರ್ಜೆನೂ ಇರಲಿಲ್ಲ. ಗುರುಗಳ ಹತ್ತಿರ ಎಷ್ಟು ವರ್ಷ ಕಲಿತಿದ್ದಾನೆ ಅನ್ನೋದು ಊರಿಗೇ ಗೊತ್ತಿರ್ತಿತ್ತು. ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಬಂದು ಕರಾಟೆ ತೋರಿಸಿದರು. ಅಲ್ಲಿ ಕಾನೊ ಅವರ ಪರಿಚಯ ಆಯ್ತು, ದಾನ್ ಪದ್ಧತಿನೂ ಬಂತು. 1924ರಲ್ಲಿ ಫುನಾಕೋಶಿ ತಮ್ಮ ಶಿಷ್ಯರಿಗೆ ಮೊದಲ ಬಾರಿಗೆ ಬ್ಲ್ಯಾಕ್ ಬೆಲ್ಟ್ ಕೊಟ್ಟರು.

ಹಳದಿ, ಕಿತ್ತಳೆ, ಹಸಿರು, ನೀಲಿ ಹೀಗೆ ಬಣ್ಣಬಣ್ಣದ ಬೆಲ್ಟ್‌ಗಳು ಜನಪ್ರಿಯ ಆಗಿದ್ದು 1930ರ ದಶಕದಿಂದೀಚೆಗೆ, ಪ್ಯಾರಿಸ್‌ನಲ್ಲಿ ಜೂಡೋ ಕಲಿಸ್ತಿದ್ದ ಮಿಕಿನೊಸುಕೆ ಕವಾಯಿಶಿ ಅವರ ಹೆಸರಿನ ಜೊತೆ. ಮುಂದಿನ ಮೆಟ್ಟಿಲು ಕಣ್ಣಿಗೆ ಕಾಣ್ತಾ ಇದ್ರೆ ವಿದ್ಯಾರ್ಥಿಗಳು ಬಿಟ್ಟು ಹೋಗಲ್ಲ, ಅದೇ ಉಪಾಯ. ಅದರಲ್ಲಿ ತಪ್ಪೇನೂ ಇಲ್ಲ. ಫೋನಿನ ಗೇಮ್‌ನಲ್ಲಿ ಲೆವೆಲ್ ಇಲ್ವಾ, ಹಾಗೆ. ಬಿಳಿ ಬೆಲ್ಟ್ ತೊಳೆಯದೆ ಕೊಳೆ ಹತ್ತಿ ಹತ್ತಿ ಕಪ್ಪಾಯ್ತು ಅನ್ನೋ ಕಥೆ ಕೇಳಿರ್ತೀರ. ಅದು ಕಟ್ಟುಕಥೆ.

ಇನ್ನೊಂದು ವಿಷಯ. ಮೊದಲ ಬ್ಲ್ಯಾಕ್ ಬೆಲ್ಟ್‌ಗೆ ಜಪಾನಿ ಭಾಷೆಯಲ್ಲಿ 'ಶೋದಾನ್' ಅಂತಾರೆ. ಶೋ ಅಂದ್ರೆ ಆರಂಭ. ಮೊದಲನೇ ಮೆಟ್ಟಿಲು ಅಂತ ಅರ್ಥ. ಅಕ್ಷರಾಭ್ಯಾಸ ಮುಗೀತು, ಇನ್ಮೇಲೆ ಓದೋಕೆ ಶುರು ಮಾಡು ಅಂತ ಹೇಳೋ ಹಾಗೆ. ಅದಕ್ಕೇ 'ಬ್ಲ್ಯಾಕ್ ಬೆಲ್ಟ್ ಅಂದ್ರೆ ಸಾಮಾನ್ಯರಿಗೆ ಸಿಗಬಾರದು' ಅನ್ನೋರ ಮಾತನ್ನೂ ನಾನು ಒಪ್ಪಲ್ಲ. ಅದು ದೇವರ ಪಟ್ಟ ಅಲ್ಲ. ಆದ್ರೆ ಅಕ್ಷರ ಬರುತ್ತೆ ಅಂತ ಹೇಳಿದ ಮೇಲೆ ಅಕ್ಷರ ಬರಲೇಬೇಕಲ್ಲ?

ನಮ್ಮಲ್ಲಿ ಕರಾಟೆ ಅಂದ್ರೆ ಮೊದಲು ನೆನಪಾಗೋದು ಶಂಕರಣ್ಣ. ಇವತ್ತಿಗೂ ಬಿನ್ನಿಪೇಟೆ ಆಟೋ ಹಿಂದೆ ಶಂಕರ್ ನಾಗ್ ಫೋಟೋ ಇರುತ್ತೆ. 'ಕರಾಟೆ ಕಿಂಗ್' ಅನ್ನೋ ಬಿರುದು ಕೊಟ್ಟಿದ್ದು ಯಾವ ಡೋಜೋನೂ ಅಲ್ಲ, ಅಭಿಮಾನಿಗಳು. ಅದು ಪ್ರೀತಿಯ ಬಿರುದು, ಅದಕ್ಕೆ ಪರೀಕ್ಷೆ ಬೇಡ. ಆ ಬಿರುದನ್ನ ನಂಬಿ ಯಾರೂ ಮಗಳನ್ನ ಕತ್ತಲಲ್ಲಿ ಒಬ್ಬಳೇ ಕಳಿಸಲ್ಲ.

ಯಾರು ಬೇಕಾದ್ರೂ ಕೊಡಬಹುದಾ?

ಹೌದು, ಕೊಡಬಹುದು. ಬ್ಲ್ಯಾಕ್ ಬೆಲ್ಟ್ ಯಾರು ಕೊಡಬೇಕು, ಯಾವ ಮಟ್ಟಕ್ಕೆ ಕೊಡಬೇಕು ಅಂತ ನಮ್ಮ ದೇಶದಲ್ಲಿ ಕಾನೂನು ಇಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ಸರ್ಟಿಫಿಕೇಟ್ ಮೇಲೆ ರಿಜಿಸ್ಟ್ರೇಷನ್ ನಂಬರ್ ಇದೆ ಅಂದ್ರೆ ಸಂಘ ನೋಂದಣಿ ಆಗಿದೆ ಅಂತ ಅಷ್ಟೇ. ಕಲಿಸೋದನ್ನ ಸರ್ಕಾರ ಪರೀಕ್ಷೆ ಮಾಡಿದೆ ಅಂತ ಅಲ್ಲ. ಜನ ಗೊಂದಲ ಆಗೋದು ಇಲ್ಲೇ.

ಮೇಲಿನ ಮಟ್ಟದಲ್ಲೂ ಗಲಾಟೆ ಕಡಿಮೆ ಇಲ್ಲ. ಕರಾಟೆ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂದದ್ದು ಟೋಕಿಯೋ 2020ರಲ್ಲಿ, ಅದು ನಡೆದದ್ದು 2021ರಲ್ಲಿ. ಪ್ಯಾರಿಸ್ 2024ಕ್ಕೆ ಅದನ್ನ ಕೈಬಿಟ್ಟರು. ಅದೇ ಹೊತ್ತಿಗೆ, 2020ರಲ್ಲಿ, ಒಳಜಗಳದ ಕಾರಣಕ್ಕೆ ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯನ್ನ ವಿಶ್ವ ಕರಾಟೆ ಒಕ್ಕೂಟ ಹಿಂದಕ್ಕೆ ತಗೊಂಡಿತು. ಅಂದ್ರೆ 'ನಮ್ಮದು ನ್ಯಾಷನಲ್ ಬಾಡಿ' ಅಂತ ಯಾರಾದ್ರೂ ಹೇಳಿದ್ರೆ, ಯಾವ ವರ್ಷದಿಂದ, ಯಾರ ಮಾನ್ಯತೆ ಅಂತ ಕೇಳೋದು ತಪ್ಪಲ್ಲ.

'ಬ್ಲ್ಯಾಕ್ ಬೆಲ್ಟ್ ಇದ್ರೆ ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗುತ್ತೆ' ಅಂತಲೂ ಕೇಳಿರ್ತೀರ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ಪಟ್ಟಿಯಲ್ಲಿ ಕರಾಟೆ ಇರೋದು ನಿಜ. ಆದ್ರೆ ಅಲ್ಲಿ ನೋಡೋದು ನೀವು ರಾಜ್ಯವನ್ನ, ದೇಶವನ್ನ, ವಿಶ್ವವಿದ್ಯಾಲಯವನ್ನ ಮಾನ್ಯತೆ ಇರೋ ಪಂದ್ಯದಲ್ಲಿ ಪ್ರತಿನಿಧಿಸಿದ್ದೀರಾ ಅಂತ. ಬೆಲ್ಟಿನ ಬಣ್ಣ ಅಲ್ಲ.

ಪಕ್ಕದಲ್ಲೇ ಇದ್ದ ಇನ್ನೊಂದು ಪದ್ಧತಿ

ಬಿನ್ನಿಪೇಟೆ ಮಿಲ್ ಕಾರ್ಮಿಕರ ಏರಿಯಾ. 1884ರಲ್ಲಿ ಶುರುವಾದ ಬಟ್ಟೆ ಮಿಲ್ಲು ಆಮೇಲೆ ಬಿನ್ನಿ ಮಿಲ್ ಅಂತ ಹೆಸರಾಯ್ತು, ಏರಿಯಾಗೂ ಅದೇ ಹೆಸರು ಅಂಟಿಕೊಳ್ತು. ಈಗ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು. ಒಂದು ಕಡೆ ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ನಲ್ಲಿ ಕರಾಟೆ, ಇನ್ನೊಂದು ಕಡೆ ಕೆ.ಪಿ. ಅಗ್ರಹಾರದ ಕಡೆ ಸ್ಕೂಲ್ ಗ್ರೌಂಡಲ್ಲಿ, ಮನೆ ಟೆರೇಸ್ ಮೇಲೆ ಕರಾಟೆ.

ಇದಕ್ಕೆಲ್ಲ ಮುಂಚೆ ಇಲ್ಲಿಂದ ಕಾಟನ್‌ಪೇಟೆ ದಾಟಿ ಹಳೇ ಪೇಟೆಗೆ ಹೋದರೆ ಗರಡಿಮನೆಗಳು. ಬೆಂಗಳೂರು ಕರಗದ ವೀರಕುಮಾರರಿಗೂ ಗರಡಿಗೂ ಇರೋ ನಂಟು ನಿಮಗೆ ಗೊತ್ತಿರಬಹುದು. ಗರಡಿಯಲ್ಲಿ ಬೆಲ್ಟ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ದಿನಾ ಬೆಳಗ್ಗೆ ಮಟ್ಟಿಗೆ ಇಳೀಬೇಕು, ಜೋಡಿ ಹಿಡೀಬೇಕು. ಯಾರು ಎಷ್ಟು ಅಂತ ಮಣ್ಣೇ ಹೇಳುತ್ತೆ. ಮೈಸೂರು ದಸರಾದಲ್ಲಿ 'ದಸರಾ ಕಂಠೀರವ' ಅಂತ ಬಿರುದು ಬೇಕಂದ್ರೆ ಅಖಾಡದಲ್ಲಿ ಎದುರಾಳಿಯನ್ನ ಗೆಲ್ಲಬೇಕು, ಎಕ್ಸಾಮ್ ಫೀಸ್ ಕಟ್ಟಿದ್ರೆ ಸಿಗಲ್ಲ.

ಗರಡಿ ಪದ್ಧತಿನೇ ಸರಿ, ಕರಾಟೆ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಎಷ್ಟೋ ಕಾಲ ಗರಡಿ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದೇ ಇರಲಿಲ್ಲ. ಕರಾಟೆ ಕ್ಲಾಸು ಇದೇ ಬೀದಿಗಳ ಹೆಣ್ಣುಮಕ್ಕಳನ್ನ ಒಳಗೆ ಕರೀತು. ಅದು ಸಣ್ಣ ವಿಷಯ ಅಲ್ಲ. ಆದ್ರೆ ಗರಡಿಯಿಂದ ಒಂದು ಪಾಠ ತಗೋಬಹುದು. ನಿನಗೆ ಬರುತ್ತಾ ಇಲ್ವಾ ಅಂತ ಹೇಳಬೇಕಾದವನು ನಿನ್ನ ಎದುರಿಗೆ ನಿಂತು, ನಿನಗೆ ಸುಲಭವಾಗಿ ಬಿಟ್ಟುಕೊಡದೇ ಇರೋನು.

ಹಾಗಾದ್ರೆ ಏನೇನು ಬೇಕು?

ನನ್ನ ಪ್ರಕಾರ ಐದು.

ಒಂದು, ವರ್ಷ ಲೆಕ್ಕ ಬೇಡ, ಗಂಟೆ ಲೆಕ್ಕ ಇಡಿ. 'ಮೂರು ವರ್ಷ ಆಯ್ತು' ಅನ್ನೋದಕ್ಕೆ ಅರ್ಥ ಇಲ್ಲ. ವಾರಕ್ಕೆ ಮೂರು ಕ್ಲಾಸ್, ಒಂದೊಂದು ಒಂದೂವರೆ ಗಂಟೆ, ವರ್ಷಕ್ಕೆ 45 ವಾರ. ಹೀಗೆ ನಾಲ್ಕು ವರ್ಷ ಮಾಡಿದ್ರೆ 810 ಗಂಟೆ. ಮೊದಲು ಹೇಳಿದ 200ರ ನಾಲ್ಕು ಪಟ್ಟು. 800 ಅನ್ನೋದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ಅದು ನನ್ನ ಅಂದಾಜು. ಆದ್ರೆ ಹಾಜರಿ ಪುಸ್ತಕ ಇಡೋ, ಕೇಳಿದ್ರೆ ತೋರಿಸೋ ಕ್ಲಾಸು ಬೇಕು.

ಎರಡು, ಒಪ್ಪದೇ ಇರೋ ಜೋಡಿ. ಸಾಮಾನ್ಯವಾಗಿ ಎಕ್ಸಾಮ್‌ನಲ್ಲಿ ಮೂರು ಭಾಗ. ಕಿಹೋನ್ ಅಂದ್ರೆ ಮೂಲ ಹೊಡೆತ, ತಡೆ, ಒದೆತ. ಕಟಾ ಅಂದ್ರೆ ಒಬ್ಬರೇ ಕ್ರಮವಾಗಿ ಮಾಡೋ ಚಲನೆಗಳ ಸರಣಿ. ಕುಮಿತೆ ಅಂದ್ರೆ ಜೋಡಿಯಲ್ಲಿ ಆಡೋದು. ತುಂಬಾ ಕಡೆ ಈ ಮೂರನೇದನ್ನ ಮೊದಲೇ ಹೇಳಿಕೊಟ್ಟು ಮಾಡಿಸ್ತಾರೆ. ನೀನು ಬಲಗೈಯಲ್ಲಿ ಗುದ್ದು, ಅವನು ಎಡಗೈಯಲ್ಲಿ ತಡೀತಾನೆ. ಪಾಯಿಂಟ್ ಪಂದ್ಯದಲ್ಲೂ ಏಟು ಸರಿಯಾಗಿ ಹೋದ ತಕ್ಷಣ ರೆಫರಿ ನಿಲ್ಲಿಸ್ತಾರೆ. ಅದು ಆಟವಾಗಿ ಸರಿ. ಆದ್ರೆ ಬ್ಲ್ಯಾಕ್ ಬೆಲ್ಟ್‌ಗೆ ಒಮ್ಮೆಯಾದ್ರೂ, ಗಾರ್ಡ್ ಹಾಕ್ಕೊಂಡು, ಸೇಫ್ಟಿ ನೋಡ್ಕೊಂಡು, ಮುಂದಿನವನು ಏನು ಮಾಡ್ತಾನೆ ಅಂತ ಗೊತ್ತಿಲ್ಲದೆ ನಿಲ್ಲಬೇಕು. ಕಾಲರ್ ಹಿಡಿದು ಬಿಡಲ್ಲ ಅನ್ನೋನಿಂದ ಬಿಡಿಸಿಕೊಳ್ಳಬೇಕು. ಸುಸ್ತಾದ ಮೇಲೂ ಇನ್ನೊಂದು ಸುತ್ತು ನಿಲ್ಲಬೇಕು. ಮಸುತಾತ್ಸು ಒಯಾಮಾ ಕಟ್ಟಿದ ಕ್ಯೋಕುಶಿನ್ ಶೈಲಿಯಲ್ಲಿ ದಾನ್ ಪರೀಕ್ಷೆ ಅಂದ್ರೆ ಒಬ್ಬರಾದ ಮೇಲೆ ಒಬ್ಬರಂತೆ ಹಲವರ ಎದುರು ನಿಲ್ಲೋದು. ಎಲ್ಲರೂ ಅಷ್ಟು ಕಠಿಣ ಮಾಡಬೇಕಿಲ್ಲ. ಆದ್ರೆ ಸೊನ್ನೆ ಆಗಬಾರದು.

ಇಲ್ಲೇ ಹೆಂಚಿನ ವಿಷಯ ಹೇಳಿಬಿಡ್ತೀನಿ. ಸ್ಕೂಲ್ ಡೇ ಬಂದ್ರೆ ಮಂಗಳೂರು ಹೆಂಚು ಜೋಡಿಸಿ ಒಡೆಯೋದು, ಹೊಟ್ಟೆ ಮೇಲೆ ಬೈಕ್ ಹತ್ತಿಸೋದು. ಚಪ್ಪಾಳೆ ಜೋರಾಗಿ ಬೀಳುತ್ತೆ. ಹೆಂಚು ಒಂದೇ ಕಡೆ ಕೂತಿರುತ್ತೆ, ಗಾಬರಿ ಹುಟ್ಟಿಸಲ್ಲ. ಬೆಳೆಯೋ ಮಕ್ಕಳ ಮೂಳೆಗೆ ಅದು ಬೇಡವೇ ಬೇಡ. ಅದನ್ನ ಪರೀಕ್ಷೆಯಿಂದ ತೆಗೆದುಬಿಡಿ.

ಮೂರು, ಮಾಡಿದ್ದು ಯಾಕೆ ಅಂತ ಗೊತ್ತಿರಬೇಕು. ಕಟಾದಲ್ಲಿ ಒಂದು ಕೈ ಸೊಂಟಕ್ಕೆ ಎಳೀತೀರಲ್ಲ, ಯಾಕೆ? ಹೀಗೆ ಬಿಡಿಸಿ ಹೇಳೋದಕ್ಕೆ 'ಬುಂಕಾಯ್' ಅಂತಾರೆ. 'ಮಾಸ್ಟರ್ ಹೇಳಿಕೊಟ್ಟರು' ಅನ್ನೋದು ಯೆಲ್ಲೋ ಬೆಲ್ಟ್‌ಗೆ ಸಾಕು. ಬ್ಲ್ಯಾಕ್ ಬೆಲ್ಟ್‌ಗೆ ಸಾಲದು. ಹೊಸದಾಗಿ ಬಂದ ಏಳು ವರ್ಷದ ಮಗುವಿಗೆ ಹತ್ತು ನಿಮಿಷ ಹೇಳಿಕೊಡು ಅಂತ ಎಕ್ಸಾಮ್‌ನಲ್ಲೇ ಕೊಟ್ಟು ನೋಡಿ. ಗೊತ್ತಿರೋದು, ಗೊತ್ತಿಲ್ಲದ್ದು ಎರಡೂ ಹೊರಗೆ ಬರುತ್ತೆ.

ನಾಲ್ಕು, ಯಾವಾಗ ಹೊಡೀಬಾರದು ಅಂತ ಗೊತ್ತಿರಬೇಕು. ಇದು ಬರೀ ಶಿಸ್ತಿನ ಮಾತಲ್ಲ, ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆ ಹಕ್ಕಿನ ಬಗ್ಗೆ. ನಿಮ್ಮನ್ನೂ ಕಾಪಾಡಿಕೊಳ್ಳಬಹುದು, ಇನ್ನೊಬ್ಬರನ್ನೂ ಕಾಪಾಡಬಹುದು. ಆದ್ರೆ ರಕ್ಷಣೆಗೆ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡೋ ಹಕ್ಕು ಇಲ್ಲ ಅಂತ ಸೆಕ್ಷನ್ 37 ಹೇಳುತ್ತೆ. ಬಿದ್ದವನನ್ನ ಮತ್ತೆ ಒದ್ದರೆ ಅದು ರಕ್ಷಣೆ ಅಲ್ಲ. 'ಬ್ಲ್ಯಾಕ್ ಬೆಲ್ಟ್ ಇರೋರು ಪೊಲೀಸ್ ಸ್ಟೇಷನ್‌ನಲ್ಲಿ ಕೈ ರಿಜಿಸ್ಟರ್ ಮಾಡಿಸಬೇಕು' ಅನ್ನೋದು ಸುಳ್ಳು, ಅಂಥ ನಿಯಮ ಇಲ್ಲ. ಇಷ್ಟು ವಿಷಯ ಹೇಳೋಕೆ ಬರದವರಿಗೆ ಬೆಲ್ಟ್ ಯಾಕೆ?

ಐದು, ಫೇಲ್ ಆಗೋ ಸಾಧ್ಯತೆ. ಹೋದ ಎಕ್ಸಾಮ್‌ನಲ್ಲಿ ಎಷ್ಟು ಜನ ಕೂತಿದ್ರು, ಎಷ್ಟು ಜನ ಪಾಸಾದ್ರು? ಯಾವಾಗ ಕೇಳಿದ್ರೂ 'ಎಲ್ಲರೂ' ಅನ್ನೋ ಉತ್ತರ ಬಂದ್ರೆ ಅದು ಎಕ್ಸಾಮ್ ಅಲ್ಲ, ಸಮಾರಂಭ.

ದುಡ್ಡಿನ ಗಂಟು

ಈ ಐದನೇದು ಯಾಕೆ ಕಷ್ಟ ಅಂತ ನೋಡೋಣ. ಲೆಕ್ಕಕ್ಕೋಸ್ಕರ ಒಂದು ಕ್ಲಾಸ್ ಕಲ್ಪಿಸಿಕೊಳ್ಳಿ. 60 ಮಕ್ಕಳು. ಎಕ್ಸಾಮ್ ಫೀಸ್ ತಲಾ 500. ಒಂದು ಸಲಕ್ಕೆ 30,000. ವರ್ಷಕ್ಕೆ ನಾಲ್ಕು ಸಲ ಅಂದ್ರೆ 1,20,000. ತಿಂಗಳ ಫೀಸ್ 800 ಅಂದ್ಕೊಳ್ಳಿ. ಫೇಲ್ ಮಾಡಿದ್ರು ಅಂತ ಒಂದು ಮಗು ಬಿಟ್ಟು ಹೋದ್ರೆ ವರ್ಷಕ್ಕೆ 9,600 ಹೋಯ್ತು. ಅಂದ್ರೆ ಪಾಸ್ ಮಾಡಿದ್ರೆ ದುಡ್ಡು, ಫೇಲ್ ಮಾಡಿದ್ರೆ ನಷ್ಟ. ಯಾರು ಪಾಠ ಹೇಳ್ತಾರೋ, ಯಾರು ಫೀಸ್ ತಗೊಳ್ತಾರೋ, ಅವರೇ ಮಾರ್ಕ್ಸ್ ಹಾಕ್ತಾರೆ.

2013ರ ಕಂಪನಿ ಕಾಯ್ದೆಯಲ್ಲಿ, ಒಂದು ಕಂಪನಿಯ ಆಡಿಟರ್ ಅದೇ ಕಂಪನಿಗೆ ಲೆಕ್ಕ ಬರೆದುಕೊಡೋ ಹಾಗಿಲ್ಲ. ಆಡಿಟರ್‌ಗಳೆಲ್ಲ ಕಳ್ಳರು ಅಂತ ಅಲ್ಲ. ಒಳ್ಳೆಯವರನ್ನೂ ಆ ಕುರ್ಚಿ ಕೆಡಿಸುತ್ತೆ ಅಂತ. ನಮ್ಮ ಸಂಗೀತದವರು ಇದನ್ನ ಯಾವತ್ತೋ ಅರ್ಥ ಮಾಡ್ಕೊಂಡಿದ್ದಾರೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗೆ ಮನೆಯಲ್ಲಿ ಪಾಠ ಹೇಳೋ ಮೇಷ್ಟ್ರು ತಯಾರು ಮಾಡ್ತಾರೆ. ಹಾಡಿಸಿ ಅಂಕ ಕೊಡೋದು ಹೊರಗಿನ ಪರೀಕ್ಷಕರು.

ಮಾಸ್ಟರ್‌ಗಳ ಕಡೆಯಿಂದಲೂ ನೋಡಬೇಕು. ಸ್ಕೂಲ್ ಗ್ರೌಂಡ್ ಬಾಡಿಗೆ, ಮಳೆ ಬಂದ್ರೆ ಕ್ಲಾಸ್ ರದ್ದು, ತಿಂಗಳ ಫೀಸ್ ಏರಿಸಿದ್ರೆ ಅಪ್ಪ ಅಮ್ಮಂದಿರ ಮುಖ ಸಪ್ಪಗಾಗುತ್ತೆ. ಈ ಭಾಗದಲ್ಲೇ ಬಹಳ ವರ್ಷದಿಂದ ಕಲಿಸ್ತಾ ಇರೋ ಒಬ್ಬ ಮಾಸ್ಟರ್ ನನಗೆ ಹೇಳಿದ್ದು, ಅವರು ಇಬ್ಬರನ್ನ ಫೇಲ್ ಮಾಡಿದ ಮುಂದಿನ ವಾರವೇ ಇಬ್ಬರೂ ಪಕ್ಕದ ರಸ್ತೆಯ ಕ್ಲಾಸಿಗೆ ಸೇರಿಕೊಂಡರಂತೆ. ಬೆಲ್ಟ್ ಬೇಗ ಬೇಕು ಅನ್ನೋ ಒತ್ತಡ ನಮ್ಮ ಕಡೆಯಿಂದಲೂ ಇದೆ.

ದಾರಿ ಇಲ್ಲದೇ ಇಲ್ಲ. ಮೂರು ತಿಂಗಳಿಗೆ 500 ಅಂದ್ರೆ ತಿಂಗಳಿಗೆ 167. ಎಕ್ಸಾಮ್ ಫೀಸ್ ತೆಗೆದು ತಿಂಗಳ ಫೀಸ್ 170 ಏರಿಸಲಿ. ಮಾಸ್ಟರ್ ಆದಾಯ ಹಾಗೇ ಇರುತ್ತೆ, ಫೇಲ್ ಮಾಡೋ ಧೈರ್ಯ ಬರುತ್ತೆ. ಬ್ಲ್ಯಾಕ್ ಬೆಲ್ಟ್ ಒಂದಕ್ಕಾದ್ರೂ ವಿಜಯನಗರದ ಮಾಸ್ಟರ್ ಇಲ್ಲಿಗೆ ಬರಲಿ, ಇಲ್ಲಿಯವರು ರಾಜಾಜಿನಗರಕ್ಕೆ ಹೋಗಲಿ. ಪರೀಕ್ಷೆ ತೆರೆದ ಮೈದಾನದಲ್ಲಿ, ಎಲ್ಲರ ಎದುರಿಗೆ ನಡೀಲಿ.

ಮಕ್ಕಳಿಗೆ ಕೊಡಬಹುದಾ?

ಹತ್ತು ಹನ್ನೆರಡು ವರ್ಷದ ಮಕ್ಕಳ ವಿಷಯ ಸೂಕ್ಷ್ಮ. ಅವರ ಶ್ರಮ ಸುಳ್ಳಲ್ಲ. ಆದ್ರೆ ದೊಡ್ಡವರ ಬೆಲ್ಟ್ ಅವರಿಗೆ ಕೊಟ್ಟರೆ ಅದು ಹೇಳೋದು ಬೇರೆ. ಬೇರೆ ಕಲೆಗಳು ಇದಕ್ಕೆ ಉತ್ತರ ಹುಡುಕಿವೆ. ಟೇಕ್ವಾಂಡೋದಲ್ಲಿ 15 ವರ್ಷದೊಳಗಿನವರಿಗೆ 'ದಾನ್' ಬದಲು 'ಪೂಮ್' ಅನ್ನೋ ದರ್ಜೆ ಇದೆ, ಬೆಲ್ಟ್ ಅರ್ಧ ಕೆಂಪು ಅರ್ಧ ಕಪ್ಪು. ಬ್ರೆಜಿಲಿಯನ್ ಜಿಯು ಜಿಟ್ಸುವಿನ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಲ್ಲಿ 19 ವರ್ಷಕ್ಕಿಂತ ಮುಂಚೆ ಬ್ಲ್ಯಾಕ್ ಬೆಲ್ಟ್ ಇಲ್ಲ. ಕರಾಟೆಯಲ್ಲೂ ಹಲವು ಶಾಲೆಗಳು ಜೂನಿಯರ್ ಬ್ಲ್ಯಾಕ್ ಬೆಲ್ಟ್ ಅಂತ ಬೇರೆ ಇಟ್ಟಿವೆ. 16 ದಾಟಿದ ಮೇಲೆ ಮತ್ತೆ ಪರೀಕ್ಷೆಗೆ ಕೂರಲಿ. ಮಗುವಿಗೆ ಮರ್ಯಾದೆನೂ ಸಿಗುತ್ತೆ, ಸುಳ್ಳೂ ಹೇಳಿದ ಹಾಗಾಗಲ್ಲ.

45 ವರ್ಷಕ್ಕೆ ಕರಾಟೆ ಸೇರಿದ ಗೃಹಿಣಿಗೆ, ಮಂಡಿ ನೋವಿರೋರಿಗೆ? ಒದೆತ ತಲೆ ಎತ್ತರಕ್ಕೆ ಹೋಗಲೇಬೇಕು ಅಂತ ಏನಿಲ್ಲ. ಸೊಂಟದ ಎತ್ತರದಲ್ಲಿ ಸರಿಯಾಗಿ ಹೋಗಲಿ. ದೇಹಕ್ಕೆ ತಕ್ಕ ಹಾಗೆ ಪರೀಕ್ಷೆಯ ರೂಪ ಬದಲಾಗಬಹುದು. ಒಪ್ಪದ ಜೋಡಿ, ಹೊರಗಿನ ಪರೀಕ್ಷಕ, ಹಾಜರಿ ಲೆಕ್ಕ, ಈ ಮೂರು ಬದಲಾಗಬಾರದು.

ಕತ್ತಲಲ್ಲಿ ನಡೆಯೋ ಹುಡುಗಿಗೆ ಬೇಕಾದ್ದು

ಆ ಅಕ್ಕನಿಗೆ ನಾನು ಹೇಳಿದ್ದು ಇದು. ಹುಡುಗಿನ ಕ್ಲಾಸಿಂದ ಬಿಡಿಸಬೇಡಿ. ಅವಳ ಉಸಿರು, ನಿಲುವು, ದನಿ ಎಲ್ಲ ಗಟ್ಟಿಯಾಗಿರೋದು ಕರಾಟೆಯಿಂದಲೇ. ಆದ್ರೆ 12,000 ಈಗ ಕಟ್ಟಬೇಡಿ, ಮತ್ತೆ ಬೆಲ್ಟ್ ಸಿಕ್ಕಿದೆ ಅಂತ ರಾತ್ರಿ ದಾರಿ ಬದಲಾಯಿಸಬೇಡಿ.

ಆತ್ಮರಕ್ಷಣೆ ಮತ್ತೆ ಬ್ಲ್ಯಾಕ್ ಬೆಲ್ಟ್ ಎರಡೂ ಬೇರೆ ಬೇರೆ. ಸರ್ಕಾರಿ ಶಾಲೆಯ 6ರಿಂದ 12ನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಲ್ಲಿ ಮೂರು ತಿಂಗಳ ತರಬೇತಿ ಇದೆ. ನಮ್ಮ ರಾಜ್ಯದಲ್ಲಿ ವಸತಿ ಶಾಲೆ, ಹಾಸ್ಟೆಲ್ ಹುಡುಗಿಯರಿಗೆ ಚಿತ್ರದುರ್ಗದ ಓಬವ್ವನ ಹೆಸರಲ್ಲಿ ಇಂಥದ್ದೇ ಇದೆ. ಅಲ್ಲಿ ಬೆಲ್ಟ್ ಆಸೆ ತೋರಿಸಲ್ಲ. ಬೇಕಾದ್ದೂ ಅದೇ: ಅಪಾಯ ಮೊದಲೇ ಗುರುತಿಸೋದು, ಜೋರಾಗಿ ಕೂಗೋದು, ಕೈ ಬಿಡಿಸಿಕೊಳ್ಳೋದು, ಬೆಳಕು ಮತ್ತೆ ಜನ ಇರೋ ಕಡೆ ಓಡೋದು, 112ಕ್ಕೆ ಫೋನ್ ಮಾಡೋದು. ಮೂರು ತಿಂಗಳಲ್ಲಿ ಇಷ್ಟು ಕಲಿಬಹುದು. ಬ್ಲ್ಯಾಕ್ ಬೆಲ್ಟ್ ಕಲಿಯೋಕೆ ಆಗಲ್ಲ. ಹುಡುಗಿ ಈಗ ಟ್ಯೂಷನ್ನಿಂದ ಪಕ್ಕದ ಮನೆಯ ಇನ್ನಿಬ್ಬರು ಮಕ್ಕಳ ಜೊತೆ ಬರ್ತಾಳೆ. ಕರಾಟೆನೂ ನಡೀತಾ ಇದೆ.

ಸ್ಕ್ರೀನ್‌ಶಾಟ್ ತಗೊಳ್ಳಿ

ದುಡ್ಡು ಕಟ್ಟೋ ಮುಂಚೆ ಮಾಸ್ಟರ್ ಹತ್ರ ಮರ್ಯಾದೆಯಿಂದಲೇ ಕೇಳಿ:

ಇಲ್ಲಿವರೆಗೆ ಒಟ್ಟು ಎಷ್ಟು ಗಂಟೆ ಕ್ಲಾಸ್ ಆಗಿದೆ, ಹಾಜರಿ ತೋರಿಸ್ತೀರಾ?
ಎಕ್ಸಾಮ್ ತಗೊಳ್ಳೋರು ಯಾರು, ನಮ್ಮ ಕ್ಲಾಸಿನ ಹೊರಗಿನವರು ಇರ್ತಾರಾ?
ಹೋದ ಸಲ ಎಷ್ಟು ಜನ ಫೇಲ್ ಆದ್ರು?
ಫೇಲ್ ಆದ್ರೆ ಮತ್ತೆ ಫೀಸ್ ಕಟ್ಟಬೇಕಾ?
ಸರ್ಟಿಫಿಕೇಟ್ ಕೊಡೋ ಸಂಸ್ಥೆಗೆ ಮಾನ್ಯತೆ ಕೊಟ್ಟವರು ಯಾರು?

ಒಳ್ಳೆ ಮಾಸ್ಟರ್‌ಗೆ ಈ ಪ್ರಶ್ನೆಗಳಿಂದ ಬೇಜಾರಾಗಲ್ಲ. ಕೇಳೋರು ಬಂದ್ರಲ್ಲ ಅಂತ ಖುಷಿನೇ ಆಗುತ್ತೆ. ಸಿಡುಕಿದ್ರೆ, ನಿಮಗೆ ಉತ್ತರ ಅಲ್ಲೇ ಸಿಕ್ಕಿತು ಅಂತ ಅರ್ಥ.

ನಿಮ್ಮಲ್ಲಿ ಯಾರಾದ್ರೂ ಬ್ಲ್ಯಾಕ್ ಬೆಲ್ಟ್ ತಗೊಂಡಿದ್ರೆ, ಎಷ್ಟು ವರ್ಷ ಅಂತ ಹೇಳಬೇಡಿ, ಎಷ್ಟು ಗಂಟೆ ಅಂತ ಲೆಕ್ಕ ಹಾಕಿ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಒಂದಷ್ಟು ಹಾಕ್ತೀನಿ. ಸಿಗೋಣ.